ಮುಖದ ಮೇಲೆ ಬಿದ್ದ ಮುದ್ರೆ

ಪ್ಯೊ ದಲ್ಸುವಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸಮ್‌ಚೊನ್‌ಪೊ ಮಾರುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳುವವರಿಗೇನು, ಅವರ ಪಕ್ಕದ ಅಂಗಡಿ ಅವನದಲ್ಲವಲ್ಲ. ಹತ್ತೊಂಬತ್ತು ವರ್ಷದಿಂದ ಅವನ ಫೋಟೋ ಸ್ಟುಡಿಯೋಗೂ ನನ್ನ ಮುದ್ರೆ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ಅವನು ಆ ಕಡೆ ಫೋನಿನಲ್ಲಿ ಯಾರನ್ನಾದರೂ ಬೈದರೆ ಈ ಕಡೆ ನನ್ನ ಕೈಯ ಉಳಿ ಜಾರುತ್ತದೆ. ನಾನು ಜನರ ಹೆಸರನ್ನು ಮರದಲ್ಲಿ, ಕಲ್ಲಿನಲ್ಲಿ ಕೊರೆಯುವವನು. ಬಿಡುವಿದ್ದಾಗ ಬೀಗದ ಕೈ ಮಾಡಿಕೊಡುತ್ತಿದ್ದೆ. ಈಗ ಬ್ಯಾಂಕಿನವರೂ ಸಹಿ ಸಾಕು ಎನ್ನುವುದರಿಂದ ಬೀಗದ ಕೈಯೇ ಕಸುಬಾಗಿ, ಮುದ್ರೆ ಬಿಡುವಿನ ಕೆಲಸವಾಗಿದೆ. ಹಾಗಾಗಿ ನನಗೂ ಕೋಪ ಕಡಿಮೆಯೇನಿಲ್ಲ. ಆದರೆ ಇದು ದಲ್ಸುವಿನ ಕಥೆ. ನನ್ನ ಪಾಲಿನ ತಪ್ಪು ನಡುವೆ ಬರುತ್ತದೆ, ಮುಚ್ಚಿಡುವುದಿಲ್ಲ.

ಅವನಿಗೆ ಈಗ ಅರವತ್ತೆರಡು. ಇವನು ಸೈನ್ಯದಲ್ಲಿದ್ದಾಗ ಅಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದ ಇನ್ನೊಬ್ಬ ಕೈ ಮುರಿದುಕೊಂಡ, ಕ್ಯಾಮೆರಾ ಇವನ ಕೈಗೆ ಬಂತು, ಇವನು ಮತ್ತೆ ಬಿಡಲಿಲ್ಲ. ಈ ಊರಿನ ಮದುವೆ, ಮಗುವಿನ ಮೊದಲ ಹುಟ್ಟುಹಬ್ಬ, ಶಾಲೆಯ ಸಾಲು ಫೋಟೋ, ಗುರುತಿನ ಚೀಟಿ, ಎಲ್ಲ ಅವನದೇ. ಆಮೇಲೆ ಎಲ್ಲರ ಜೇಬಿಗೂ ಫೋನು ಬಂತು, ಅವನ ಅಂಗಡಿಯ ಮುಂದೆ ಬೆಕ್ಕು ಮಲಗಲು ಶುರುವಾಯಿತು. ಎಂಟು ವರ್ಷದ ಹಿಂದೆ ಅವನ ಹೆಂಡತಿ ತೀರಿಕೊಂಡಾಗ ಇನ್ನೊಂದು ವಿಷಯ ಗೊತ್ತಾಯಿತು. ಊರಿಗೆಲ್ಲ ಫೋಟೋ ತೆಗೆದವನ ಮನೆಯಲ್ಲಿ ಹೆಂಡತಿಯದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಯಾರದೋ ಮದುವೆಯ ಗುಂಪು ಫೋಟೋದಿಂದ ಅವಳ ಮುಖವನ್ನು ಕತ್ತರಿಸಿ ಕಪ್ಪು ರಿಬ್ಬನ್ನಿನ ಚೌಕಟ್ಟಿಗೆ ಹಾಕಿದರು. ಪಕ್ಕದವಳ ಭುಜ ಹಾಗೇ ಉಳಿದಿತ್ತು. ಬಂದವರೆಲ್ಲ ಅವಳ ಜೊತೆ ಆ ಭುಜಕ್ಕೂ ಎರಡೆರಡು ಸಲ ಅಡ್ಡಬಿದ್ದು ಹೋದರು.

ಅಲ್ಲಿಂದ ಅವನಿಗೆ ಹಟ ಹಿಡಿಯಿತು. ಪ್ರತಿ ಏಪ್ರಿಲ್‌ನಲ್ಲಿ ಮುದುಕರೆಲ್ಲ ಸೇರುವ ಹಿರಿಯರ ಮನೆಗೆ ದೀಪ, ಪರದೆ ಹೊತ್ತುಕೊಂಡು ಹೋಗಿ ಸತ್ತ ದಿನ ಜನ ಅಡ್ಡಬೀಳಲು ಮುಂದೆ ಇಡುವ ಕೊನೆಯ ಫೋಟೋವನ್ನು ಒಬ್ಬೊಬ್ಬರಿಗೂ ಪುಕ್ಕಟೆ ತೆಗೆದುಕೊಡುತ್ತಾನೆ. ಬದುಕಿರುವಾಗಲೇ ತೆಗೆಸಿಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂದು ನಮ್ಮಲ್ಲಿ ನಂಬಿಕೆ, ಹಾಗಾಗಿ ಮುದುಕರು ಸಾಲುಗಟ್ಟಿ ಬರುತ್ತಾರೆ. ಆದರೆ ಚೌಕಟ್ಟು ಮನೆಯಲ್ಲಿಟ್ಟುಕೊಳ್ಳಲು ಸೊಸೆಯಂದಿರು ಒಪ್ಪುವುದಿಲ್ಲ. ಅದಕ್ಕೇ ಅವನು ಅಚ್ಚು ಹಾಕಿಸಿ ಕೊಡುತ್ತಿರಲಿಲ್ಲ. ಅವರು ಕಂಪ್ಯೂಟರಿನ ಪರದೆಯ ಮೇಲೆ ನೋಡಿ ಆರಿಸುವುದು, ಅದು ಅದರಲ್ಲೇ ಉಳಿಯುವುದು. ಆ ದಿನ ಬಂದಾಗ ಮನೆಯವರು ಫೋನು ಮಾಡಿದರೆ ಒಂದು ಗಂಟೆಯೊಳಗೆ ದಲ್ಸು ತಾನೇ ಅಚ್ಚು ಹಾಕಿ, ರಿಬ್ಬನ್ ಕಟ್ಟಿ, ಬೈಕಿನ ಮೇಲೆ ತಂದು ಕೊಡುತ್ತಿದ್ದ.

ಮಾ ಬೊಂಗ್‌ಸೂನ್ ಅಜ್ಜಿ ಮಾರುಕಟ್ಟೆಯ ಮೂರನೇ ಸಾಲಿನಲ್ಲಿ ಒಣಮೀನು ಮಾರುತ್ತಿದ್ದಳು. ಎಂಬತ್ತನಾಲ್ಕು ವರ್ಷ. ಸಣ್ಣ ಮೀನನ್ನು ಉಪ್ಪಿನಲ್ಲಿ ಮೂರು ವರ್ಷ ಜಾಡಿಯಲ್ಲಿಟ್ಟು ಅವಳು ಬಸಿಯುತ್ತಿದ್ದ ರಸ ಇಲ್ಲದೆ ನಮ್ಮ ಬೀದಿಯಲ್ಲಿ ಯಾರೂ ಎಲೆಕೋಸಿನ ಕಿಮ್ಚಿ ಉಪ್ಪಿನಕಾಯಿ ಹಾಕುತ್ತಿರಲಿಲ್ಲ. ಮುಂದಿನ ಎರಡು ಹಲ್ಲು ಯಾವ ಕಾಲದಲ್ಲೋ ಬಿದ್ದುಹೋಗಿದ್ದವು. ಆವತ್ತಿನಿಂದ ಕೈ ಅಡ್ಡ ಹಿಡಿಯದೆ ಅವಳು ನಕ್ಕದ್ದನ್ನು ಯಾರೂ ಕಂಡಿಲ್ಲ. ಹೋದ ವರ್ಷದ ಏಪ್ರಿಲ್‌ನಲ್ಲಿ ಅವಳು ದಲ್ಸುವಿನ ಮುಂದೆ ಕೂತಾಗ ಬೆಳಕು ತಿರುಗಿಸುವ ಬಿಳಿ ಹಲಗೆ ಹಿಡಿದು ನಿಂತವನು ನಾನು. ವೈರು ಕಾಲಿಗೆ ತೊಡರಿ, ಹಲಗೆಯ ಸಮೇತ ಹೋಗಿ ಮುದುಕರ ಚಪ್ಪಲಿ ರಾಶಿಯ ಮೇಲೆ ಕುಕ್ಕರಿಸಿದೆ. ಅಜ್ಜಿ ನಕ್ಕುಬಿಟ್ಟಳು. ಅವಳ ಕೈ ಮೇಲೇಳುವಷ್ಟರಲ್ಲಿ ದಲ್ಸು ಒತ್ತಿ ಆಗಿತ್ತು.

ಪರದೆಯ ಮೇಲೆ ತನ್ನನ್ನು ತಾನು ಅವಳು ತುಂಬಾ ಹೊತ್ತು ನೋಡಿದಳು. ಅಳಿಸು ಎನ್ನುತ್ತಾಳೆ ಎಂದುಕೊಂಡೆವು.

"ಇದೇ ಇರ್ಲಿ," ಎಂದಳು. "ಬಂದೋರೆಲ್ಲ ಅಳೋಕೆ ಬಂದಿರ್ತಾರೆ, ನಾನು ನಗ್ತಾ ಕೂತಿರ್ತೀನಿ. ಬೇರೆ ಯಾವ್ದಾದ್ರೂ ಇಟ್ಟೆ ಅಂದ್ರೆ ಎದ್ದು ಬಂದು ಒದೀತೀನಿ ನೋಡು, ಫೋಟೋದವನೇ."

ದಲ್ಸು ಮಾತು ಕೊಟ್ಟ. ಇದೇ ಫೋಟೋ, ಇದೇ ನಗು, ಬೇರೆ ಯಾವುದೂ ಇಲ್ಲ. ಕೊಟ್ಟ ಮಾತಿಗೆ ಅವನು ತಪ್ಪಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆದರೆ ಖುಷಿ ತಡೆಯಲಾರದೆ ಅವನು ಆ ಫೋಟೋವನ್ನು ತನ್ನ ಬ್ಲಾಗಿನಲ್ಲೂ ಹಾಕಿಕೊಂಡ. ಕೆಳಗಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ ತನ್ನ ಹೆಸರು ಬರೆದಿದ್ದ. ನವೆಂಬರ್ ಬಂತು, ಊರೆಲ್ಲ ಕಿಮ್ಚಿ ಹಾಕುವ ಕಾಲ. ದೊಡ್ಡ ಅಂಗಡಿಯ ಕಪಾಟಿನಲ್ಲಿ 'ಅಜ್ಜಿಯ ಜಾಡಿ' ಎಂಬ ಹೆಸರಿನ ಮೀನುರಸದ ಬಾಟಲಿಗಳು ಸಾಲಾಗಿ ಬಂದು ಕೂತವು. ಪ್ರತಿ ಬಾಟಲಿಯ ಮೇಲೂ ನಮ್ಮ ಬೊಂಗ್‌ಸೂನ್ ಅಜ್ಜಿ ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು. ಮೂಲೆಯ ಹೆಸರನ್ನು ಕತ್ತರಿಸಿ ಎಸೆದಿದ್ದರು.

ಮಾರುಕಟ್ಟೆಯ ಹೆಂಗಸರು ಸುಮ್ಮನಿರುತ್ತಾರೆಯೇ. ಅಗೋ ಕಂಪನಿಯ ಯಜಮಾನಿ ಬಂದಳು, ಇನ್ನು ಈ ಮೀನಿನ ವಾಸನೆಯಲ್ಲಿ ಯಾಕೆ ಕೂರುತ್ತೀರಿ ಎಂದು ಅಜ್ಜಿಯನ್ನೇ ಛೇಡಿಸಿದರು. ಪಕ್ಕದ ಜಿಂಜು ಪಟ್ಟಣದಿಂದ ಇಪ್ಪತ್ತು ವರ್ಷ ಬರುತ್ತಿದ್ದ ಗಿರಾಕಿಯೊಬ್ಬಳು, ನೀವೂ ಕೊನೆಗೆ ದುಡ್ಡಿಗೆ ಮಾರಿಕೊಂಡಿರಾ ಎಂದು ಮುಖ ತಿರುಗಿಸಿ ಹೋದಳು. ಅಜ್ಜಿ ಒಂದು ಬಾಟಲಿ ಕೊಂಡು ತಂದು, ದಲ್ಸುವಿನ ಮೇಜಿನ ಮೇಲೆ ಕುಕ್ಕಿ, ಮುಚ್ಚಳ ತೆಗೆದು ಬೆರಳು ಅದ್ದಿ ನೆಕ್ಕಿದಳು. ನೆಲಕ್ಕೆ ಉಗಿದಳು.

"ಉಪ್ಪುನೀರಿಗೆ ಬಣ್ಣ ಹಾಕವ್ರೆ. ನನ್ನ ಮುಖ ಇಟ್ಕೊಂಡು ಇದನ್ನ ಮಾರ್ತಾರೇನೋ?"

ದಲ್ಸು ಸ್ಪೀಕರ್ ಹಾಕಿಕೊಂಡು ಕಂಪನಿಗೆ ಫೋನು ಮಾಡಿದ. ಗೋಡೆಯ ಈಚೆ ನನಗೆ ಪ್ರತಿ ಮಾತೂ ಕೇಳಿಸುತ್ತಿತ್ತು. ಆ ಕಡೆಯ ಹುಡುಗಿ 'ಮಾನ್ಯ ಗ್ರಾಹಕರೇ' ಎನ್ನದೆ ಒಂದು ವಾಕ್ಯ ಶುರು ಮಾಡುತ್ತಿರಲಿಲ್ಲ. ಅದು ಇಂಟರ್ನೆಟ್ಟಿನಲ್ಲಿ ಸಿಕ್ಕ ಚಿತ್ರ, ಅದರ ಮೇಲೆ ಯಾರ ಹೆಸರೂ ಇಲ್ಲ, ನಿಮ್ಮದೇ ಎಂದು ಹೇಗೆ ನಂಬುವುದು, ಮಾನ್ಯ ಗ್ರಾಹಕರೇ. ಬ್ಲಾಗು ತೆರೆದು ಹೆಸರಿರುವ ಫೋಟೋ ನೋಡಿ ಎಂದ ಇವನು. ನಮ್ಮ ಬಳಿ ಇರುವುದರಲ್ಲಿ ಆ ಹೆಸರಿಲ್ಲವಲ್ಲ, ಮಾನ್ಯ ಗ್ರಾಹಕರೇ, ಎಂದು ಉತ್ತರ ಬಂತು. ಮನೆಗೆ ನುಗ್ಗಿ ಸಾಮಾನು ಹೊತ್ತೊಯ್ದವನು, ಇದರ ಮೇಲೆ ನಿಮ್ಮ ಹೆಸರಿಲ್ಲ ಎಂದರೆ ಹೇಗಿರುತ್ತದೆ? ಅವರು ಬೈದಿದ್ದರೂ ಸಹಿಸಿಕೊಳ್ಳಬಹುದಿತ್ತು. ಆ ನಯವಾದ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಪೊಲೀಸರು ವಕೀಲರನ್ನು ನೋಡಿ ಎಂದರು. ವಕೀಲ ಎರಡು ವರ್ಷ ಹಿಡಿಯಬಹುದು ಎಂದ. ಅಜ್ಜಿಗೆ ಎಂಬತ್ತನಾಲ್ಕು ಎಂದು ದಲ್ಸು ಕೂಗಿಕೊಂಡು ಅಲ್ಲಿಂದ ಎದ್ದು ಬಂದ.

ಅಜ್ಜಿಯೇ ದಾರಿ ತೋರಿಸಿದಳು, ಅದನ್ನೂ ಹೇಳಬೇಕು. ಹೆಸರನ್ನು ಮೂಲೆಯಲ್ಲಿ ಬಚ್ಚಿಟ್ಟರೆ ಕದಿಯುವವನು ಮೂಲೆ ಕತ್ತರಿಸದೆ ಏನು ಮಾಡುತ್ತಾನೆ, ನಟ್ಟನಡುವೆ ಇಡು, ಆಮೇಲೆ ಯಾವನು ಮುಟ್ಟುತ್ತಾನೋ ನೋಡೋಣ ಎಂದಳು. ನನಗೆ ಅಷ್ಟೇ ಸಾಕಾಗಿತ್ತು. ಬರೆದ ಹೆಸರನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ, ಮುದ್ರೆ ಹಾಕೋಣ ಎಂದೆ. ಮುದ್ರೆ ಬಿದ್ದರೆ ಕಾಗದ ಗಟ್ಟಿ ಎಂದು ನಂಬಿ ಬೆಳೆದವರು ನಾವು. ಮನೆ ಕೊಳ್ಳುವಾಗ, ಮದುವೆ ನೋಂದಾಯಿಸುವಾಗ, ಕೊನೆಗೆ ಸತ್ತವರ ಹೆಸರು ತೆಗೆಸುವಾಗಲೂ ಮುದ್ರೆ ಒತ್ತಿದವರು. ಅದು ಯಾವುದನ್ನಾದರೂ ಕೆಡಿಸಬಹುದು ಎಂಬ ಯೋಚನೆಯೇ ನಮಗೆ ಬರಲಿಲ್ಲ. ಒಳ್ಳೆಯ ಗಟ್ಟಿ ಮರದ ತುಂಡೊಂದನ್ನು ಎತ್ತಿಟ್ಟಿದ್ದೆ. ಅದರಲ್ಲಿ ಅವನ ಹೆಸರಿನ ಮೂರಕ್ಷರ, ಮುದ್ರೆ ಎಂಬರ್ಥದ ಒಂದಕ್ಷರ, ಒಟ್ಟು ನಾಲ್ಕನ್ನು ಚೌಕವಾಗಿ ಕೊರೆದೆ. ಹತ್ತು ವರ್ಷದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದು. ಹಾಳಾದ್ದು, ಇವತ್ತಿಗೂ ಅದು ಅತ್ಯುತ್ತಮವೇ.

ಮಂಗಳವಾರಗಳಂದು ಪುರಸಭೆಯ ಕಟ್ಟಡದಲ್ಲಿ ವಯಸ್ಸಾದವರಿಗೆ ಕಂಪ್ಯೂಟರ್ ಕಲಿಸುವ ಬಾನ್ ಎಂಬ ಹುಡುಗಿ ಇದ್ದಾಳೆ. ಕಾಗದದ ಮೇಲೆ ಒತ್ತಿದ ಮುದ್ರೆಯನ್ನು ಸ್ಕ್ಯಾನ್ ಮಾಡುವುದು, ಬಿಳಿಯನ್ನೆಲ್ಲ ಅಳಿಸಿ ಕೆಂಪನ್ನು ಮಾತ್ರ ಉಳಿಸುವುದು, ಅದನ್ನು ಫೋಟೋದ ಮೇಲೆ ತೆಳು ಹಾಳೆಯಂತೆ ಹರಡುವುದು, ಕೆಳಗಿನದು ಕಾಣುವಷ್ಟು ಮಸುಕು ಮಾಡುವುದು, ಎಲ್ಲವನ್ನೂ ಅವಳೇ ಹೇಳಿಕೊಟ್ಟಳು. ಒಂದು ಫೋಟೋಗೆ ಮಾಡಿದ ಕೆಲಸವನ್ನು ಕಂಪ್ಯೂಟರಿಗೆ ನೆನಪಿಟ್ಟುಕೊಳ್ಳಲು ಹೇಳಿದರೆ ಉಳಿದವಕ್ಕೆಲ್ಲ ಅದೇ ತಾನಾಗಿ ಮಾಡುತ್ತದೆ ಎಂದೂ ತೋರಿಸಿದಳು. ಮುದ್ರೆ ನೂರಕ್ಕೆ ಇಪ್ಪತ್ತರಷ್ಟು ಕಂಡರೆ ಸಾಕು ಎಂದಳು. ಮೂಲ ಫೋಟೋಗಳನ್ನು ಮೊದಲು ಬೇರೆ ಕಡೆ ತೆಗೆದಿಡಿ ಎಂದಳು. ದಲ್ಸು ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡ. ಆ ಪುಸ್ತಕ ಈಗಲೂ ಇದೆ, ಅಕ್ಷರ ಮುತ್ತಿನಂತಿದೆ.

ಮುದ್ರೆ ಹಾಕುವ ದಿನ ಅವನ ಕಿವಿಯಲ್ಲಿ ಇನ್ನೂ 'ಮಾನ್ಯ ಗ್ರಾಹಕರೇ' ಮೊಳಗುತ್ತಿತ್ತು. ಇಪ್ಪತ್ತನ್ನು ನಲವತ್ತಕ್ಕೆ ಎಳೆದ. ಇಷ್ಟೇನಾ, ಮುದ್ರೆ ಅಂದ ಮೇಲೆ ಕೆಂಪಾಗಿರಬೇಡವೇ ಎಂದೆ ನಾನು. ಎಂಬತ್ತಕ್ಕೆ ಎಳೆದ. ಮುದ್ರೆಯನ್ನು ಎಡಗೆನ್ನೆಯಿಂದ ಬಲಗೆನ್ನೆಯವರೆಗೆ ಹಿಗ್ಗಿಸಿ ಮೂಗು, ಬಾಯಿಗಳ ಮೇಲೆ ಕೂರಿಸಿದ. ಈಗ ಕತ್ತರಿಸಲಿ ನೋಡೋಣ ಕಳ್ಳ ನನ್ಮಕ್ಕಳು ಎಂದ. ಕೆಲಸ ಓಡತೊಡಗಿತು. ಪ್ರತಿ ಫೋಟೋಗೂ ಕಂಪ್ಯೂಟರು ನಿಂತು, ಹಳೆಯದರ ಜಾಗದಲ್ಲಿ ಇದನ್ನು ಇಡಲೇ ಎಂದು ಕೇಳುತ್ತಿತ್ತು. ಒಂದು ಸಲ ಹೂಂ ಅಂದ, ಎರಡು ಸಲ, ಆರು ಸಲ.

"ಅಣ್ಣ, ಇದೆಷ್ಟು ಸಲ ಕೇಳತ್ತೆ?" ಎಂದೆ. "ಇನ್ಮೇಲೆ ಕೇಳಬೇಡ ಅಂತ ಅಲ್ಲೇ ಬರ್ದಿದೆ ನೋಡು. ಒತ್ತಿ ಸಾಯ್ಲಿ ಬಿಡು."

ಅವನು ಒತ್ತಿದ. ಅದು ಮತ್ತೆ ಕೇಳಲಿಲ್ಲ. ಇನ್ನೂ ಬದುಕಿದ್ದ ನಾನೂರ ಹನ್ನೆರಡು ಮುದುಕರ ಮುಖಗಳ ಮೇಲೆ ನನ್ನ ಕೈಯ ಮುದ್ರೆ ಬಿತ್ತು. ಬ್ಲಾಗಿನಲ್ಲಿದ್ದವನ್ನೂ ತೆಗೆದು ಇವನ್ನೇ ಹಾಕಿದ. ಎಂಟು ವರ್ಷದಲ್ಲಿ ಅವನು ಅಷ್ಟು ಸಮಾಧಾನವಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಎದುರಿನ ಹೋಟೆಲಿನಲ್ಲಿ ಈರುಳ್ಳಿ ಸೊಪ್ಪಿನ ರೊಟ್ಟಿ ತಿಂದು ಅಕ್ಕಿಯ ಹೆಂಡ ಕುಡಿದೆವು. ನಾಲ್ಕು ಬಾರಿ ಅವನು ನನ್ನ ಕೈ ಕುಲುಕಿದ.

ಮುದ್ರೆ ಬಿದ್ದ ಮೇಲೆ ಯಾರ ಮನೆಯಿಂದಲೂ ಫೋನು ಬಂದಿರಲಿಲ್ಲ. ಫೆಬ್ರವರಿಯಲ್ಲಿ ಅಜ್ಜಿಗೆ ಶೀತ ಎದೆಗೆ ಇಳಿಯಿತು. ಆಸ್ಪತ್ರೆಗೆ ಸೇರಿಸಿದ ಐದನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಬುಸಾನ್ ನಗರದಿಂದ ಬಂದಿದ್ದ ಅವಳ ಮಗಳು ಉನ್ಹಾ ದಲ್ಸುವಿಗೆ ಫೋನು ಮಾಡಿ, ಅಮ್ಮ ಹೋದಳು, ಫೋಟೋ ತನ್ನಿ ಎಂದಳು. ಸ್ವಲ್ಪ ಹೊತ್ತಿನ ನಂತರ ಗೋಡೆಯ ಆಚೆಯಿಂದ ದಲ್ಸು ನನ್ನನ್ನು ಕರೆದ. ಕೂಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವನು ಮೆಲ್ಲಗೆ ಕರೆದದ್ದು ಅದೇ ಮೊದಲು, ಉಳಿ ಬಿಟ್ಟು ಓಡಿದೆ.

ಪರದೆಯ ಮೇಲೆ ಅಜ್ಜಿಯ ಕಣ್ಣು ಮಾತ್ರ ಕಾಣುತ್ತಿತ್ತು. ಅದರ ಕೆಳಗೆ ಅವನ ಹೆಸರು. ಹಳೆಯ ಡಿಸ್ಕು ಹುಡುಕಿದೆವು. ಕ್ಯಾಮೆರಾದ ಕಾರ್ಡಿನಲ್ಲಿ ಬೇರೆ ಯಾರದೋ ಎಪ್ಪತ್ತನೇ ಹುಟ್ಟುಹಬ್ಬ ಇತ್ತು. ಬ್ಲಾಗಿನಲ್ಲಿದ್ದದ್ದನ್ನು ನಾವೇ ತೆಗೆದಿದ್ದೆವು. ಬಾನ್ ಓಡಿ ಬಂದಳು. ಮೂಲ ಬೇರೆ ಕಡೆ ಇಟ್ಟಿದ್ದಿರಲ್ಲವೇ ಸಾರ್ ಎಂದು ಕೇಳಿ, ಅವನ ಮುಖ ನೋಡಿ ತಾನೇ ಮೌಸು ಹಿಡಿದಳು. ಉಳಿದ ನಾನೂರ ಹನ್ನೊಂದು ಮುದುಕರ ಮನೆಗೆ ಅವನು ಇವತ್ತಿಗೂ ಬೈಕಿನಲ್ಲಿ ಹೋಗಿ ಮತ್ತೆ ಫೋಟೋ ತೆಗೆಯುತ್ತಿದ್ದಾನೆ, ಬೈದರೆ ಬೈಸಿಕೊಳ್ಳುತ್ತಾನೆ. ಸತ್ತವಳ ಹತ್ತಿರ ಹೇಗೆ ಹೋಗುವುದು?

ಮುದ್ರೆ ಅಳಿಸಲು ಕೂತರು. ಗುರುತು, ಕಲೆಗಳನ್ನು ಅಕ್ಕಪಕ್ಕದ ಚರ್ಮದಿಂದ ತುಂಬಿ ಮಾಯ ಮಾಡುವ ಉಪಾಯ ಆ ಕಂಪ್ಯೂಟರಿನಲ್ಲೇ ಇದೆ. ಮಧ್ಯಾಹ್ನದ ಹೊತ್ತಿಗೆ ಕೆನ್ನೆ ಚೊಕ್ಕಟವಾಯಿತು. ಬಾಯಿಗೆ ಬಂದಾಗ ಅದು ಹಲ್ಲಿಲ್ಲದ ಜಾಗವನ್ನೂ ಕಲೆ ಎಂದುಕೊಂಡು ಎರಡು ಬೆಳ್ಳಗಿನ ಹಲ್ಲು ಕೂರಿಸಿತು. ಬಾನ್ ಅವನ್ನು ತೆಗೆಯಲು ಹೋದರೆ ತುಟಿಯೇ ಬೇರೆಯವರದಾಯಿತು. ಸುಕ್ಕು ಹೋಗಿ, ನಗು ಹೋಗಿ, ಟಿವಿಯಲ್ಲಿ ವಿಮೆ ಮಾರುವ ಯಾವುದೋ ಹೆಂಗಸು ಬಂದು ಕೂತಿದ್ದಳು. ದಲ್ಸು ಮೇಜಿಗೆ ಮುಷ್ಟಿಯಿಂದ ಗುದ್ದಿದ. ಕೊನೆಗೆ ಮುದ್ರೆಯಿದ್ದದ್ದೊಂದು, ಹಲ್ಲಿದ್ದದ್ದೊಂದು, ಎರಡನ್ನೂ ಅಚ್ಚು ಹಾಕಿಕೊಂಡು ಆಸ್ಪತ್ರೆಯ ಅಂತಿಮ ದರ್ಶನದ ಕೋಣೆಗೆ ಹೋದೆವು. ಆಗ ಮೂರು ಗಂಟೆ. ಬಿಳಿ ಸೇವಂತಿಗೆಗಳ ನಡುವೆ ಚೌಕಟ್ಟು ಖಾಲಿ ನಿಂತಿತ್ತು. ಬೆಳಗಿನಿಂದ ಬಂದವರೆಲ್ಲ ಆ ಖಾಲಿಗೆ ಅಡ್ಡಬಿದ್ದು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗಿದ್ದರು.

ಉನ್ಹಾ ಕಪ್ಪು ಬಟ್ಟೆಯಲ್ಲಿದ್ದಳು, ಕೂದಲಿಗೆ ಸೂತಕದ ಬಿಳಿಯ ಪಿನ್ನು. ಹಲ್ಲಿರುವ ಫೋಟೋ ನೋಡಿ, ಇದು ಯಾರು ಎಂದು ಕೇಳಿದಳು. ಇನ್ನೊಂದನ್ನು ಕೈಗೆ ತೆಗೆದುಕೊಂಡು ಕೆಂಪು ಅಕ್ಷರಗಳ ಮೇಲೆ ಬೆರಳಾಡಿಸಿದಳು. ದಲ್ಸು ಹೇಳತೊಡಗಿದ. ಕಂಪನಿಯ ಕಳ್ಳತನ, ಫೋನಿನ ಹುಡುಗಿ, ವಕೀಲ, ತನ್ನ ಹಕ್ಕು, ತನ್ನ ಹೆಸರು. ಹೇಳುತ್ತಾ ಹೇಳುತ್ತಾ ಹಳೆಯ ಕೋಪ ಏರಿ, ಹೆಣದ ಮನೆಯೆಂಬುದನ್ನೂ ಮರೆತು ದನಿ ಎತ್ತರಿಸಿದ. ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು. ಆ ಕಳ್ಳರಿಂದ ಅಜ್ಜಿಯನ್ನು ಕಾಪಾಡಲು ಮಾಡಿದ್ದು ಎಂದ. ನಾನು ಅವನ ತೋಳು ಹಿಡಿದು ಎಳೆದೆ. ಉನ್ಹಾ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು.

ಕಾಲು ಗಂಟೆ ಬಿಟ್ಟು ಬಂದಾಗ ಅವಳ ಕೈಯಲ್ಲಿ ಎದುರಿನ ಅಂಗಡಿಯ ಚೀಲವಿತ್ತು. ಒಳಗಿಂದ 'ಅಜ್ಜಿಯ ಜಾಡಿ'ಯ ಬಾಟಲಿ ತೆಗೆದು, ಮುಖ ನಮ್ಮ ಕಡೆ ಮಾಡಿ, ಚೌಕಟ್ಟಿನ ಮುಂದೆ ಇಟ್ಟಳು.

"ಇದ್ರಲ್ಲಿ ನಮ್ಮಮ್ಮ ಪೂರ್ತಿ ಇದಾಳೆ. ಹಲ್ಲಿಲ್ದಿರೋ ಜಾಗಾನೂ ಇದೆ," ಎಂದಳು. ದನಿ ಏರಿಸಲಿಲ್ಲ. "ಕದ್ದೋರು ಕೂಡ ಅವಳ ಮುಖದ ಮೇಲೆ ತಮ್ಮ ಹೆಸರು ಬರ್ಕೊಳ್ಳಲಿಲ್ಲ, ದಲ್ಸು ಮಾಮ. ನೀವು ಬರ್ಕೊಂಡ್ರಿ."

ನನಗೆ ಅವಳ ಮೇಲೆ ಸಿಟ್ಟು ಬಂತು. ಕಂಪನಿಯ ಮೇಲೆ, ದಲ್ಸುವಿನ ಮೇಲೆ, ಆ ಹಾಳು ಮರದ ತುಂಡಿನ ಮೇಲೆ, ಒತ್ತಿ ಸಾಯಲಿ ಬಿಡು ಎಂದ ನನ್ನ ನಾಲಿಗೆಯ ಮೇಲೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ ಎಂಬುದಕ್ಕೆ ಬಂತು. ದಲ್ಸು ಬಾಟಲಿ ಎತ್ತಿಕೊಂಡು ಬಚ್ಚಲಿಗೆ ಹೋಗಿ ಬಿಸಿನೀರಿನಲ್ಲಿ ಹಿಡಿದು, ಉಗುರಿನಿಂದ ಅಂಚು ಬಿಡಿಸುತ್ತಾ, ಹರಿಯದಂತೆ ಚೀಟಿಯನ್ನು ಇಡಿಯಾಗಿ ಕಿತ್ತ.  ಕೋಣೆಯ ಕಚೇರಿಯವರ ಯಂತ್ರದಲ್ಲೇ ಅದನ್ನು ಸ್ಕ್ಯಾನ್ ಮಾಡಿ, ಗಲ್ಲದ ಕೆಳಗಿನ ಕಂಪನಿಯ ಹೆಸರು ಕತ್ತರಿಸಿ, ದೊಡ್ಡದು ಮಾಡಿ ಅಚ್ಚು ಹಾಕಿಸಿದ. ಹತ್ತಿರದಿಂದ ನೋಡಿದರೆ ಬರೀ ಚುಕ್ಕಿಗಳು. ಚೀಟಿಯ ಹಳದಿ ಬಣ್ಣ ಮುಖಕ್ಕೆಲ್ಲ ಹಿಡಿದಿತ್ತು. ಐದು ಗಂಟೆಗೆ ರಿಬ್ಬನ್ ಕಟ್ಟಿ ನಿಲ್ಲಿಸಿದ. ದೂರಕ್ಕೆ ಬಂದು ನೋಡಿದರೆ ಅಜ್ಜಿ ನಗುತ್ತಿದ್ದಳು. ನಾವಿಬ್ಬರೂ ಎರಡು ಸಲ ಅಡ್ಡಬಿದ್ದೆವು. ಅವನು ಎರಡನೇ ಸಲ ಏಳುವುದು ತಡವಾಯಿತು.

ಸತ್ತ ಮನೆಗೆ ಬಂದು ಊಟ ಮಾಡದೆ ಹೋಗುವಂತಿಲ್ಲ. ಮೂಲೆಯ ಮೇಜಿಗೆ ಕೂತೆವು, ಖಾರದ ಮಾಂಸದ ಸಾರು ಬಂತು. ಅಷ್ಟರಲ್ಲಿ ಉನ್ಹಾಳ ಗಂಡನ ಕಚೇರಿಯ ಆರು ಜನ ಬುಸಾನಿನಿಂದ ಬಂದರು. ಅಜ್ಜಿಯನ್ನು ಅವರು ಕಂಡವರೇ ಅಲ್ಲ. ಸಾಲಾಗಿ ನಿಂತು ಅಡ್ಡಬಿದ್ದು ಎದ್ದವರಲ್ಲಿ ವಯಸ್ಸಾದ ಒಬ್ಬರು ಸ್ವಲ್ಪ ಹೊತ್ತು ಫೋಟೋದ ಮುಂದೆಯೇ ನಿಂತರು. ಆಮೇಲೆ ಬಂದು ನಮ್ಮ ಎದುರು ಕೂತು, ಟೈ ಸಡಿಲಿಸಿ, ದಲ್ಸುವಿನ ಕಡೆ ನೋಡಿದರು.

"ಎಂಥಾ ಫೋಟೋ ಸಾರ್ ಅದು. ನೋಡಿದ್ರೆ ನಮಗೇ ನಗು ಬಂದ್ಬಿಡತ್ತೆ. ಯಾರು ತೆಗೆದಿದ್ದು?"

ಮೂರು ತಿಂಗಳು ಕಂಡಕಂಡವರ ಹತ್ತಿರವೆಲ್ಲ ಜಗಳವಾಡಿದ್ದು ಆ ಒಂದು ಪ್ರಶ್ನೆಗಾಗಿ. ದಲ್ಸು ಚಮಚ ಕೆಳಗಿಟ್ಟ.

"ಗೊತ್ತಿಲ್ಲ ಸಾರ್," ಎಂದ. "ಯಾರೋ ತೆಗೆದಿರ್ಬೇಕು."

ನಾನು ಹೇಳಲು ಬಾಯಿ ತೆರೆದೆ. ಮೇಜಿನ ಕೆಳಗೆ ಅವನು ನನ್ನ ಮೊಣಕಾಲನ್ನು ಒತ್ತಿ ಹಿಡಿದ, ಆ ಮನುಷ್ಯರು ಊಟ ಮುಗಿಸಿ ಏಳುವವರೆಗೂ ಬಿಡಲಿಲ್ಲ.